ಕೆಲ್ಲರ್ ಸಾಹೇಬರ ಸೀಟು

ಮಾನ್ಯ ಅಧ್ಯಕ್ಷರೇ, ನನ್ನ ಬೀಳ್ಕೊಡುಗೆಗೆಂದೇ ಎಂಬತ್ತನಾಲ್ಕರ ಪ್ರಾಯದಲ್ಲಿ ಫ್ರಾಂಕ್‌ಫರ್ಟಿನಿಂದ ಹಾರಿ ಬಂದಿರುವ ನನ್ನ ಹಳೆಯ ಬಾಸ್ ಕೆಲ್ಲರ್ ಸಾಹೇಬರೇ, ಕೋರಿ ರೊಟ್ಟಿಯ ಪರಿಮಳ ಬರುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ಇಪ್ಪತ್ತೊಂಬತ್ತು ವರ್ಷ ಒಂದೇ ವಿಮಾನ ಕಂಪನಿಯಲ್ಲಿ ದುಡಿದ ಈ ಗುಣಪಾಲನನ್ನು ನೀವು ಈಗಷ್ಟೇ ಪ್ರಾಮಾಣಿಕ ಎಂದು ಹೊಗಳಿದಿರಿ. ನೀವು ಹೊಗಳಬೇಕಾದವರು ನನ್ನ ಪಕ್ಕದಲ್ಲಿದ್ದಾರೆ! ಎರಡನೇ ಮಹಾಯುದ್ಧ ಮುಗಿದಾಗ ಇವರಿಗೆ ಹದಿನಾಲ್ಕು ವರ್ಷ. ಜರ್ಮನಿಗೆ ಸ್ವಂತ ವಿಮಾನ ಹಾರಿಸಲು ಅನುಮತಿಯೇ ಇಲ್ಲ. ಇವರೇನು ಮಾಡಿದರು? ಅಮೆರಿಕದವರ ವಿಮಾನಗಳಿಗೆ ಪೆಟ್ಟಿಗೆ ಹೊತ್ತರು. ವರ್ಷಗಟ್ಟಲೆ ಹೊತ್ತರು! ಆಮೇಲೆ ಟಿಕೆಟ್ ಕೌಂಟರ್, ಆಮೇಲೆ ಸ್ಟೇಷನ್ ಮ್ಯಾನೇಜರ್, ಕೊನೆಗೆ ಇಡೀ ಗಲ್ಫಿಗೇ ದೊಡ್ಡ ಸಾಹೇಬರು! ಅಷ್ಟಾದರೂ ಅಬುಧಾಬಿ ಏರ್‌ಪೋರ್ಟಿನಲ್ಲಿ ಯಾರಾದರೂ ಅಜ್ಜಿ ಪೆಟ್ಟಿಗೆ ಎಳೆಯುತ್ತಿದ್ದರೆ ಕೋಟು ಬಿಚ್ಚಿ ಎತ್ತಿಕೊಡುತ್ತಿದ್ದರು. ನಾನಂತೂ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸಹ ಎತ್ತಿದವನಲ್ಲ. ಅಲ್ಲಿ ನನ್ನ ಹೆಂಡತಿ ಚಂದ್ರಮತಿ ಹೌದೆಂದು ತಲೆಯಾಡಿಸುತ್ತಿದ್ದಾಳೆ ನೋಡಿ.

ಸಾಹೇಬರ ದೊಡ್ಡತನಕ್ಕೆ ಒಂದು ಘಟನೆ ಹೇಳುತ್ತೇನೆ. ೧೯೮೮. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ನಮ್ಮ ಆಫೀಸಿಗೆ ಉಳ್ಳಾಲದ ಶುಕೂರ್ ಓಡಿ ಬಂದ. "ಗುಣಪಾಲಣ್ಣ, ಉಮ್ಮ ಆಸ್ಪತ್ರೆಯಲ್ಲಿದ್ದಾರೆ, ಇವತ್ತೇ ಬೊಂಬಾಯಿಗೆ ಹೋಗ್ಬೇಕು." ವಿಮಾನ ಫುಲ್. ಮೀಟಿಂಗಿಗೆಂದು ಸಾಹೇಬರೂ ಅದರಲ್ಲೇ ಹೊರಟಿದ್ದರು. ನಾನೇನು ಮಾಡಿದೆ ಗೊತ್ತೇ? ಪಕ್ಕದ ಮೇಜಿನ ನನ್ನ ಗೆಳೆಯ ಲಿಯೊನೆಲ್ ಊಟಕ್ಕೆ ಹೋದ ಹೊತ್ತಿನಲ್ಲಿ, ಅವನ ಕಂಪ್ಯೂಟರಿನಲ್ಲಿ, ಸಾಹೇಬರ ಹೆಸರು ತೆಗೆದು ಶುಕೂರನ ಹೆಸರು ಹಾಕಿಬಿಟ್ಟೆ! ಶುಕೂರ್ ಹೋಗಿ ತಾಯಿಯ ಮುಖ ನೋಡಿದ.

ಸಾಹೇಬರು ಏರ್‌ಪೋರ್ಟಿನಿಂದ ವಾಪಸ್ ಬಂದು, "ನನ್ನ ಹೆಸರು ತೆಗೆದದ್ದು ಯಾರು?" ಎಂದರು. ಕೇಳಿದ್ದರೆ ಅವರೇ ಸೀಟು ಬಿಟ್ಟುಕೊಡುತ್ತಿದ್ದರು, ಆ ಮನುಷ್ಯ ಅಂಥವರು. ನಾನು ಹೆದರಿ, "ಕಂಪ್ಯೂಟರಿನಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬೇಕು ಸರ್" ಎಂದೆ.

ಕ್ಷಮಿಸಿ. ತಮಾಷೆಗೆಂದು ಶುರು ಮಾಡಿದ್ದೆ.

ತಪ್ಪು ಮಾಡಿದ್ದಕ್ಕೆಂದು ಮೆಮೊ ಸಿಕ್ಕಿದ್ದು ಲಿಯೊನೆಲಿಗೆ. ಅವನಿಗೆ ಬರಬೇಕಿದ್ದ ಸೂಪರ್‌ವೈಸರ್ ಕುರ್ಚಿ ಸಿಕ್ಕಿದ್ದು ನನಗೆ. ಅವಮಾನ ತಡೆಯದೆ ಅವನು ಕೆಲಸವನ್ನೇ ಬಿಟ್ಟ. ಇವತ್ತು ದುಬಾಯಿಯ ಅಲ್ ಬರ್ಷಾದ ಈ ಹಾಲ್ ಗೊತ್ತುಮಾಡಿ, ನಿಮ್ಮನ್ನೆಲ್ಲ ಕರೆದು ಈ ಸಮಾರಂಭ ಮಾಡಿಸಿದವನೂ ಅವನೇ. ಇವತ್ತಿಗೂ ಹೇಳುತ್ತಾನೆ, "ಆ ದಿನ ಎಲ್ಲಿ ನನ್ನ ಕೈ ತಪ್ಪಿತೋ ಮಾರಾಯ." ನಾನು ಇಪ್ಪತ್ತೇಳು ವರ್ಷ ಅದನ್ನು ಕೇಳಿಕೊಂಡು ಅವನ ಮನೆಯಲ್ಲೇ ಚಹಾ ಕುಡಿದಿದ್ದೇನೆ.

ಮಗಳೇ ಸಮೀಕ್ಷಾ, ಸಾಹೇಬರಿಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳು. ಏನೂ ಬಿಡಬೇಡ.

ಬಂದ ಎಲ್ಲರಿಗೂ ನಾನು ಋಣಿ, ಊಟ ಮಾಡದೆ ಯಾರೂ ಹೋಗಬಾರದು. ನಮಸ್ಕಾರ.

ಲಿಯೊನೆಲ್, ನಿನ್ನ ಕೈ ತಪ್ಪಿರಲಿಲ್ಲ.