ನಲ್ಲಿ ಬರಬೇಕಿದ್ದ ಬೀದಿ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕದಲ್ಲಿ ನನಗೆ ಗುರುತಿಲ್ಲದ ಒಬ್ಬ ಸೋದರಮಾವ ಮತ್ತು ಅವರ ಅಕ್ಕನ ಮಗಳು ಕೂತಿದ್ದರು. ಔಷಧಿ ಹನಿ ಹಾಕಿಸಿಕೊಂಡಿದ್ದ ಮಾವ ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದರು.

"ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡ್ದೆ. ಯಾವ ಕಾಲೇಜಿನವರಾದ್ರೂ ಕರೆದ್ರಾ?"

"ಇಲ್ಲ ಮಾವ."

"ನಮ್ಮ ಪಾರ್ಟಿ ಆಫೀಸಲ್ಲಿ ಕೆಲಸ ಕೊಡಿಸ್ತೀನಿ. ಊರೆಲ್ಲ ನಮಗೇ ವೋಟು ಹಾಕಿದ್ರೂ ಒಂದು ಬೀದಿ ಕೈಕೊಟ್ಟಿದೆ. ಯಾವುದು ಅಂತ ನಿಂಗೆ ಗೊತ್ತು. ಅಷ್ಟು ಹೇಳು ಸಾಕು."

"ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೇ ಥೀಸಿಸ್‌ಗೋಸ್ಕರ ಮನೆಮನೆಗೆ ಹೋಗಿ ಯಾರಿಗೆ ವೋಟು ಹಾಕಿದ್ರಿ ಅಂತ ಕೇಳಿದ್ದು."

"ಹೊರಗಿನವರಿಗೆ ಹೇಳ್ಬೇಡ. ನಾನು ನಿಮ್ಮಮ್ಮನ ತಮ್ಮ ಕಣೇ."

"ಹೊರಗಿನವರೇ ವಾಸಿ."

ಮಾವ ಜೋರಾಗಿ ನಕ್ಕರು. "ಹೇಳಿದ್ರೆ ಏನಾಗಿಬಿಡತ್ತೆ?"

"ಅವರಿಗೆ ಹಾಕಿಸ್ತಿರೋ ನಲ್ಲಿ ನಿಲ್ಲಿಸ್ತೀರಿ. ಆ ಮುದುಕಿಯರು ಮತ್ತೆ ದೂರದಿಂದ ಕೊಡ ಹೊರಬೇಕು."

ಮಾವನ ನಗು ನಿಂತಿತು.

"ಈಗ ನಲ್ಲಿ ಹಾಕಿಸ್ತಿರೋದು ಒಂದೇ ಬೀದಿಗೆ."

ಎದುರಿನ ಫ್ಯಾನು ಗೋಡೆಯಿಂದ ಗೋಡೆಗೆ ತಿರುಗುತ್ತಿತ್ತು.

"ಮಾವ, ನಾನು ಹಾಗಂದಿಲ್ಲ."

"ನೀನೇನೂ ಹೇಳಿಲ್ಲ ಬಿಡು. ಸೋಮವಾರದಿಂದ ಆಫೀಸಿಗೆ ಬಾ." ಅವರು ತಡವರಿಸುತ್ತ ಫೋನು ಚಾಚಿದರು. "ಕಣ್ಣು ಮಂಜಾಗಿದೆ. ಪಂಚಾಯ್ತಿ ಅಧ್ಯಕ್ಷರಿಗೆ ಫೋನ್ ಮಾಡ್ಕೊಡು."

ಅವಳು ತೆಗೆದುಕೊಳ್ಳಲಿಲ್ಲ.

ಒಳಗಿನಿಂದ ನರ್ಸ್ ಕರೆದರು. ಮಾವ ಫೋನನ್ನು ಜೇಬಿಗಿಳಿಸಿ ಬರಿಗೈ ಚಾಚಿದರು. "ಸರಿ, ಹೊರಗೆ ಬಂದ್ಮೇಲೆ ನಾನೇ ಮಾಡ್ತೀನಿ."

ಹೊಸ್ತಿಲು ಎಡವದ ಹಾಗೆ ಅವಳು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.