ತುದಿ ಹಿಡಿಯುವವಳು

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹಿರಿಯೂರು ಬಸ್ಸಿಗೆ ಕಾಯುತ್ತಿದ್ದ ಮಾಲತಿಯ ಕಿವಿಗೆ ಪಕ್ಕದಲ್ಲಿ ಕೂತ ಅಜ್ಜಿ ಮೊಮ್ಮಗಳ ಮಾತು ತಾನಾಗಿಯೇ ಬಿತ್ತು. ಹುಡುಗಿ ಹೈಸ್ಕೂಲಿನ ಯೂನಿಫಾರಂನಲ್ಲಿದ್ದಳು. ತೊಡೆಯ ಮೇಲೆ ಬಿಚ್ಚದ ಬುತ್ತಿಗಂಟು.

“ಮೂರು ದಿನಾತು, ನೆಟ್ಟಗೆ ಉಂಡಿಲ್ಲ ನೀನು.”

“ಬ್ಯಾಡಜ್ಜಿ. ಕ್ಲಾಸಿನಾಗೆ ಎಲ್ರೂ ಶೇಂಗಾ ಮೂಟೆ ಅಂತಾರೆ. ನಾನಿನ್ನು ಸ್ಕೂಲಿಗೇ ಹೋಗಲ್ಲ.”

“ನನ್ನೂ ಗುಡಾಣ ಅಂತಿದ್ರು ಕಣೇ, ನಾನೂ ಅತ್ತಿದೀನಿ. ಆದ್ರೆ ಮಗ್ಗಕ್ಕೇರಿಸೋ ಮುಂಚೆ ಕಂಬಳಿ ನೂಲು ಗಟ್ಟಿಯಾಗ್ಲಿ ಅಂತ ಹುಣಸೆಬೀಜದ ಗಂಜಿ ಬಳಿಯೋ ದಿನ ಎಲ್ಲಾ ಮನೆಯೋರೂ ನನ್ನೇ ಕೂಗೋರು.”

“ಯಾಕೆ?”

“ಬೀದಿಯುದ್ದ ಎಳೆದ ನೂಲಿನ ತುದಿ ಹಿಡ್ಕೊಂಡು ಕೂರೋಕೆ. ಸಣಕಲಿಯರು ಹಿಡಿದ್ರೆ ಜೋಲು ಬೀಳೋದು. ನಾನು ಹಿಡಿದ್ರೆ ತಂತಿ ಆಗೋದು! ಬಿಸಿಲು ಏರಿದಂಗೆ ಬೆಲ್ಲದ ಪಾನಕ, ಹಾಡು, ನಗು. ಎಂಥಾ ದಿನ ಅವು!”

“ಈಗ ಆ ಮಗ್ಗ ಎಲ್ಲೈತಜ್ಜಿ?”

ಅಜ್ಜಿ ಬುತ್ತಿಗಂಟು ಬಿಚ್ಚಲು ಹೋದಳು, ಹುಡುಗಿ ಅದನ್ನು ಅತ್ತ ಸರಿಸಿದಳು.

ಮೊಳಕಾಲ್ಮೂರು ಬಸ್ಸು ಬಂತು, ಜನ ಮುಗಿಬಿದ್ದರು. ಮೊದಲು ಹತ್ತಿದ ಹುಡುಗಿ ಬಾಗಿಲ ಕಂಬಿ ಹಿಡಿದು ಇನ್ನೊಂದು ಕೈ ಚಾಚಿದಳು. ಅಜ್ಜಿ ಆ ಕೈಗೇ ಜೋತುಬಿದ್ದು ಮೇಲೇರಿದಳು. ಹುಡುಗಿ ಕದಲಲಿಲ್ಲ.

“ಜೋಲು ಬೀಳಲಿಲ್ಲ ನೋಡು,” ಎಂದಳು ಅಜ್ಜಿ. “ಇನ್ನಾದ್ರೂ ಬುತ್ತಿ ಬಿಚ್ಚೇ.”