ನಾಲ್ಕನೇ ಸೈಡು

...ಯಾಕೆ ನಗ್ತೀರಿ ಅತ್ತಿಗೆ? ನಾನೇನು ತಮಾಷೆ ಮಾಡ್ತಿಲ್ಲ. ಡಬಲ್ ಆಲ್ಬಮ್, ಎರಡು ಪ್ಲೇಟು, ನಾಲ್ಕು ಸೈಡು ಅನ್ನೋದೇ ಒಂದು ಜಂಬ! ಯಾವ ಹಳೇ ರಾಕ್ ಬ್ಯಾಂಡನ್ನಾದ್ರೂ ತಗೊಳ್ಳಿ. ಒಂದೇ ಪ್ಲೇಟಲ್ಲಿ ಮುಗಿಸಿದ್ರೆ ಮೈ ಜುಮ್ ಅನ್ನುತ್ತೆ. ಎರಡು ಮಾಡಿದ್ರೋ, ಕೆಟ್ಟಿತು. ಜನ ಮಾರೋಕೆ ತರ್ತಾರಲ್ಲ, ನೋಡಿದ್ದೀನಿ. ಮೊದಲನೇ ಪ್ಲೇಟು ಸವೆದು ಗೀರು ಬಿದ್ದಿರುತ್ತೆ, ಎರಡನೇದು ಅಂಗಡಿಯಿಂದ ತಂದ ಹಾಗೇ ಫಳಫಳ! ಇಪ್ಪತ್ತು ವರ್ಷದಿಂದ ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡೋನು ಹೇಳ್ತಿದ್ದೀನಿ, ಕೇಳಿ. ಅತಿಯಾದ್ರೆ ಅಮೃತವೂ ವಿಷ.

ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಈ ಕಡೆ ಬನ್ನಿ. ಟೀ? ಬೇಡ್ವಾ... ಸರಿ. ಕಪಾಟು ಮುಟ್ಬೇಡಿ, ಬರೀ ಧೂಳು.

ರೆಕಾರ್ಡ್ ಕಂಪನಿಯವರ ಕಾಗದ ಓದಿದೆ. ಓದಿದೆ ಅಂದ್ನಲ್ಲ! ಅಣ್ಣ ಹೋಗಿ ಹದಿನೈದು ವರ್ಷ ಆದ್ಮೇಲೆ ಇವರಿಗೆ ಜ್ಞಾನೋದಯ. ಆಗ ಇದೇ ಜನ 'ನಿಮ್ಮ ಬ್ಯಾಂಡಿನ ಎರಡೆರಡು ಪ್ಲೇಟು ಯಾರ್ರೀ ಕೊಳ್ತಾರೆ' ಅಂತ ಅರ್ಧ ಮಾತ್ರ ಹೊರಗೆ ತಂದ್ರು. ಈಗ ಅಣ್ಣ ಅಂದ್ಕೊಂಡಿದ್ದ ಹಾಗೇ ನಾಲ್ಕೂ ಸೈಡು ಬೇಕಂತೆ. ಮೂರನೇ ಸೈಡಿನ ಟೇಪು ಇಗೋ, ಚೆನ್ನಾಗಿದೆ, ತಗೊಂಡ್ಹೋಗಿ. ನಾಲ್ಕನೇದು... ಹೇಳಿದ್ನಲ್ಲ ಅತ್ತಿಗೆ. ಅದನ್ನ ಅವನು ರೆಕಾರ್ಡ್ ಮಾಡ್ಲೇ ಇಲ್ಲ. ನಾಳೆ ಮಾಡ್ತೀನಿ, ನಾಳಿದ್ದು ಮಾಡ್ತೀನಿ ಅಂತಿದ್ದ, ಅಷ್ಟರಲ್ಲಿ ಆಸ್ಪತ್ರೆ ಸೇರಿದ.

ಗೊತ್ತು, ಗೊತ್ತು. 'ನಾಲ್ಕನೇ ಸೈಡು ಪೂರ್ತಿ ನಿಂದು, ಒಂದೇ ಹಾಡು, ಪ್ಲೇಟು ಬಂದ್ಮೇಲೇ ಕೇಳ್ಬೇಕು' ಅಂದಿದ್ದ ನಿಮಗೆ. ಅವನ ಮಾತು ಬಿಡಿ! ಮದುವೆ ದಿನ 'ಈಗ್ಬಂದೆ' ಅಂತ ಗಿಟಾರ್ ತಂತಿ ತರೋಕೆ ಹೋದೋನು ಎಷ್ಟು ಹೊತ್ತಿಗೆ ಬಂದ? ನೋಡಿ, ನಕ್ಕುಬಿಟ್ರಿ. ಹೀಗೆ ನಗ್ತಾ ಇರಿ.

ಇಲ್ಲ, ಇಲ್ಲ, ಅದನ್ನ ಮಾತ್ರ ಒಪ್ಪಲ್ಲ. 'ಮನುಷ್ಯ ಮನಸ್ಸು ಬಿಚ್ಚೋದು ಎರಡನೇ ಪ್ಲೇಟಲ್ಲೇ' ಅಂತ ಅವನೂ ಅಂತಿದ್ದ, ಈಗ ನೀವೂ ಅದೇ ರಾಗ. ಮನಸ್ಸು ಬಿಚ್ಚೋದಕ್ಕೆ ಬ್ಯಾಂಡ್ ಯಾಕೆ ಬೇಕು? ಮೊದಲನೇ ಪ್ಲೇಟು ಕೇಳಿ. ಹತ್ತು ಹಾಡು, ಹತ್ತರಲ್ಲೂ ನನ್ನ ಡ್ರಮ್ಮು. ನಾಲ್ಕು ಜನ, ಒಂದೇ ಉಸಿರು! ಎರಡನೇದು? ಮೂರನೇ ಸೈಡಲ್ಲಿ ಎರಡು ಹಾಡಿಗೆ ಕರೆದ, ಏನೋ ಪಾಪ ಅಂತ. ನಾಲ್ಕನೇದ್ರಲ್ಲಿ ಅದೂ ಇಲ್ಲ! ಪೂರ್ತಿ ಅವನೊಬ್ಬನೇ, ಒಂದು ಗಿಟಾರು. ಕುರ್ಚಿ ಕಿರ್ ಅನ್ನೋದೂ ಕೇಳಿಸುತ್ತೆ. ಎರಡನೇ ಸಾಲಲ್ಲೇ 'ಗುಬ್ಬೀ' ಅಂತ ನಿಮ್ಮನ್ನ ಕರೆದು... ಹತ್ತೊಂಬತ್ತು ನಿಮಿಷ! ಒಂದೇ ಒಂದು ಪೆಟ್ಟಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ, ಅದೇ ನಾನು! ಇದನ್ನ ಬ್ಯಾಂಡಿನ ಆಲ್ಬಮ್ ಅಂತಾರಾ? ಹೇಳಿ.

...ಹೇಳಿ ಅತ್ತಿಗೆ.

ಯಾಕೆ ಎದ್ರಿ? ನಾನು ಅಂಥದ್ದೇನಂದೆ...

ಅಲ್ಲ... ಹಾಗೆ ಹಾಡ್ತೀನಿ ಅಂತ ಹೇಳಿದ್ದ. ಅದನ್ನೇ ಹೇಳ್ದೆ. ಕುರ್ಚಿ... ಕುರ್ಚಿ ಯಾವಾಗ್ಲೂ ಕಿರ್ ಅನ್ನುತ್ತೆ, ಅಗೋ, ಅದೇ ಕುರ್ಚಿ.

ಕಪಾಟು ಮುಟ್ಬೇಡಿ ಅಂದ್ನಲ್ಲ. ಆ ಡಬ್ಬಿ ಇಲ್ಲಿ ಕೊಡಿ. ಹೂಂ, ನೀಲಿ ಶಾಯಿ ಅವನದೇ ಕೈಬರಹ. 'ಸೈಡ್ ನಾಲ್ಕು'. ಕೆಂಪು ಗೀಟಾ? ಅದು... ನಾವು ರೆಕಾರ್ಡ್ ಮಾಡ್ತಿದ್ದ ಈ ರೂಮಿನ ಪದ್ಧತಿ. ಹೊಸ ಟೇಪು ಸಿಗೋದು ಕಷ್ಟ ಇತ್ತು. ಡಬ್ಬಿ ಮೇಲೆ ಕೆಂಪು ಗೀಟು ಹಾಕಿದ್ರೆ, ಇದು ಬೇಡದ್ದು, ಇದರ ಮೇಲೇ ಬೇರೆ ರೆಕಾರ್ಡ್ ಮಾಡಿ ಅಂತ. ಹಳೇದು ಅಳಿಸಿಹೋಗುತ್ತೆ. ಯಾರೋ ಹಾಕಿರ್ತಾರೆ, ತಪ್ಪಿ...

ಹಾಗೆ ನೋಡ್ಬೇಡಿ. ಬೈಯಿರಿ!

...ನೀವಿನ್ನೂ ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೇನೇ ನಾನು ಹೆಗಲು ಮುಟ್ಟಿ ನೋಡ್ಕೊಂಡೆ, ಅಲ್ವಾ?

ನಾನೇ ಹಾಕಿದ್ದು. ಅವನು ಆಸ್ಪತ್ರೆಯಲ್ಲಿದ್ದ. ಇಲ್ಲೇ ಕೂತು ಪೂರ್ತಿ ಕೇಳ್ದೆ, ಒಂದೇ ಸಲ. ಹೊಟ್ಟೆ ಉರೀತು ಅತ್ತಿಗೆ. ಅಷ್ಟು ಚೆನ್ನಾಗಿತ್ತು. ನಾನಿಲ್ದೇನೇ ಅಷ್ಟು ಚೆನ್ನಾಗಿತ್ತು! ಕೆಂಪು ಪೆನ್ನಲ್ಲಿ ಗೀಟು ಎಳೆದೆ, ಅದರ ಮೇಲೆ ಹತ್ತೊಂಬತ್ತು ನಿಮಿಷ ಬರೀ ಡ್ರಮ್ ಬಾರಿಸಿ ತುಂಬಿಸ್ದೆ. ಹುಷಾರಾಗಿ ಬರ್ತಾನೆ, ನನ್ನನ್ನ ಬೈತಾನೆ, ಇನ್ನೊಂದ್ಸಲ ಹಾಡ್ತಾನೆ, ಆಗ ನನ್ನನ್ನೂ ಕರೀತಾನೆ ಅಂದ್ಕೊಂಡಿದ್ದೆ. ಅಷ್ಟೇ ಅಂದ್ಕೊಂಡಿದ್ದು... ಅವನು ಬರ್ಲೇ ಇಲ್ಲ.

ಅದನ್ನ ಕೇಳಿದ್ದು ನಾನೊಬ್ಬನೇ. ಹದಿನೈದು ವರ್ಷದಿಂದ ನೆನಪು ಮಾಡ್ಕೊಳ್ತಾನೇ ಇದ್ದೀನಿ. 'ಗುಬ್ಬೀ' ಅನ್ನೋದು ಬಿಟ್ರೆ ಮಾತೆಲ್ಲಾ ಹೋಯ್ತು. ರಾಗವೂ ಹೋಯ್ತು. ಡ್ರಮ್ ಬಾರಿಸೋನು ನಾನು, ತಾಳ ಮಾತ್ರ ಉಳ್ಕೊಂಡಿದೆ. ಕೂತು ಕೇಳಿ, ಮೇಜಿನ ಮೇಲೆ ತೋರಿಸ್ತೀನಿ. ತುಂಬಾ ನಿಧಾನ... ಟಕ್... ಟಕ್ ಟಕ್... ಇಲ್ಲಿ ಉಸಿರು ತಗೊಳ್ತಾನೆ... ಟಕ್...

ಎದ್ದೇಳ್ಬೇಡಿ ಅತ್ತಿಗೆ. ಇನ್ನೂ ಹದಿನೆಂಟು ನಿಮಿಷ ಇದೆ.